ಟ್ರೌಟ್ ಬಿಡುವ ಪುಟ್ಟ ಕೆರೆಯಲ್ಲಿ ದೊಡ್ಡ ಬಾಸ್: ಯಾವ ಗಾಳ ಯಾರಿಗೆ?

ಲಾರಿ ಬೆಳಿಗ್ಗೆ ಎಂಟರ ಹೊತ್ತಿಗೆ ಬಂತು. ಹಿಮ್ಮುಖವಾಗಿ ಕೆರೆಯ ಇಳಿಜಾರಿಗೆ ಇಳಿದು ನಿಂತಿತು. ಡ್ರೈವರ್ ಟ್ಯಾಂಕಿನ ಬಾಯಿಗೆ ದಪ್ಪ ಪೈಪು ಸಿಕ್ಕಿಸಿ ತಿರುಪು ತೆಗೆದ. ನೀರಿನ ಜೊತೆ ರೇನ್‌ಬೋ ಟ್ರೌಟ್ ಮೀನುಗಳು ಧಪಧಪನೆ ಕೆರೆಗೆ ಬಿದ್ದವು. ಒಂದೊಂದೂ ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ. ಸಿಮೆಂಟ್ ತೊಟ್ಟಿಯಲ್ಲಿ ಬೆಳೆದ ಮೀನುಗಳು ಅವು. ಎಲ್ಲಿ ಹೋಗಬೇಕು ಅಂತ ಗೊತ್ತಾಗದೆ ಡಾಕಿನ (ನೀರಿಗೆ ಚಾಚಿದ ಹಲಗೆಯ ಕಟ್ಟೆಯ) ಪಕ್ಕದಲ್ಲೇ ಗುಂಪಾಗಿ ಸುತ್ತತೊಡಗಿದವು. ಎರಡು ನೀರುಕಾಗೆಗಳು ಆಗಲೇ ಬಂದು ಕೂತಿದ್ದವು.

ನಾನು ಡಾಕಿನ ಮೇಲೆ ಮಂಡಿಯೂರಿ ಕೆಳಗೆ ನೋಡುತ್ತಿದ್ದೆ. ಹಲಗೆಯ ನೆರಳಿನಲ್ಲಿ ಏನೋ ಕದಲಿತು. ಮೊದಲು ಕಂಡಿದ್ದು ಬಾಲ, ನನ್ನ ಅಂಗೈಗಿಂತ ಅಗಲ. ಆಮೇಲೆ ಮೈ. ಬೇರೆ ಮೀನುಗಳನ್ನು ನುಂಗಿ ಬದುಕುವ ಬಾಸ್ ಮೀನು ಅದು. ಅದಕ್ಕೆ ಆತುರವೇ ಇರಲಿಲ್ಲ. ಗುಂಪಿನಿಂದ ಒಂದು ಟ್ರೌಟ್ ಓರೆಯಾಗಿ ಈಚೆ ಬಂತು. ಬಾಯಿ ತೆರೆದದ್ದು ನನಗೆ ಕಾಣಲೇ ಇಲ್ಲ. ಟ್ರೌಟ್ ಇತ್ತು, ಮರುಕ್ಷಣ ಇರಲಿಲ್ಲ. ಒಂದೆರಡು ಸಣ್ಣ ಹುರುಪೆ ಬಿಸಿಲಿಗೆ ಮಿನುಗುತ್ತಾ ಕೆಳಗಿಳಿದವು.

ನನಗೆ ಈ ಹುಚ್ಚು ಹಿಡಿದದ್ದು ಅವತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆ ಕೆಲಸಕ್ಕೆ ಬಂದ ಕನ್ನಡದ ಗೆಳೆಯರಲ್ಲಿ ಮೀನಿನ ಆಸೆ ಇದ್ದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಂಥ ಮೀನಿಗೆ ಏನು ಹಾಕಬೇಕು? ಅಂಗಡಿಗೆ ಹೋದರೆ ಗೋಡೆ ತುಂಬಾ ರಬ್ಬರ್ ಮೀನು, ಮರದ ಮೀನು, ಪ್ಲಾಸ್ಟಿಕ್ ಹುಳ. ಬೆಲೆ ಕೆಲವೇ ಡಾಲರ್‌ನಿಂದ ನೂರು ದಾಟಿದ ತನಕ. ನಾನು ವರ್ಷಗಟ್ಟಲೆ ಬಳಸಿದ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದು ಇಟ್ಟು ಹೇಳುತ್ತೇನೆ. ನನ್ನ ಮಟ್ಟಿಗೆ ಎರೆಗಿಂತ ಮೊದಲು ಕೇಳಿಕೊಳ್ಳಬೇಕಾದ್ದು ಎರಡು ವಿಷಯ. ಚಳಿಗಾಲದಲ್ಲಿ ನಿಮಗೆ ಎಷ್ಟು ಬೆಳಗು ಬಿಡುವಿದೆ? ನೀವು ನಿಲ್ಲುವುದು ದಡದಲ್ಲೋ ದೋಣಿಯಲ್ಲೋ? ದುಡ್ಡಿನ ಲೆಕ್ಕ ಆಮೇಲೆ ಬರುತ್ತದೆ.

ಇಷ್ಟು ಸಣ್ಣ ಕೆರೆ ಯಾಕೆ?

ಸ್ಯಾನ್ ಡಿಯಾಗೋ ಹತ್ತಿರದ ಎಸ್ಕಾಂಡಿಡೋ ಊರಿನ ಡಿಕ್ಸನ್ ಕೆರೆ ಸುಮಾರು 70 ಎಕರೆ. ಬೆಂಗಳೂರಿನವರಿಗೆ ಹೇಳಬೇಕೆಂದರೆ ಎರಡು ಸ್ಯಾಂಕಿ ಕೆರೆ ಸೇರಿಸಿದಷ್ಟು. ನಡೆದುಕೊಂಡೇ ದಡ ಸುತ್ತಬಹುದಾದ ಈ ಕೆರೆಯಲ್ಲಿ ಲೋಕದಲ್ಲೇ ಅತಿ ದೊಡ್ಡ ಲಾರ್ಜ್‌ಮೌತ್ ಬಾಸ್‌ಗಳಲ್ಲಿ ಒಂದು ಬದುಕಿತ್ತು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಕಾರಣ ಎರಡು. ಒಂದು, ತಳಿ. ಸ್ಯಾನ್ ಡಿಯಾಗೋದವರು 1959ರಲ್ಲಿ ಫ್ಲೋರಿಡಾದಿಂದ ಬಾಸ್ ಮರಿಗಳನ್ನು ತರಿಸಿ ಅಪ್ಪರ್ ಓಟೇ ಕೆರೆಗೆ ಬಿಟ್ಟರು. ಆ ತಳಿ ಮಾಮೂಲಿ ಬಾಸ್‌ಗಿಂತ ದೊಡ್ಡದಾಗಿ ಬೆಳೆಯುತ್ತದೆ, ಅನುಮಾನವೂ ಜಾಸ್ತಿ. ಅಲ್ಲಿಂದ ಅದು ಸುತ್ತಲ ಕೆರೆಗಳಿಗೆ ಹೋಯಿತು. ಎರಡನೆಯದು ಊಟ. ಟ್ರೌಟ್ ತಣ್ಣೀರಿನ ಮೀನು. ದಕ್ಷಿಣ ಕ್ಯಾಲಿಫೋರ್ನಿಯಾದ ಕೆರೆಗಳಲ್ಲಿ ಬೇಸಿಗೆ ದಾಟುವುದು ಅದಕ್ಕೆ ಕಷ್ಟ. ಹಾಗಾಗಿ ನೀರು ತಣ್ಣಗಾದ ಮೇಲೆ, ನವೆಂಬರ್ ಸುಮಾರಿಗೆ ಶುರು ಮಾಡಿ ವಸಂತದ ತನಕ ಲಾರಿಯಲ್ಲಿ ತಂದು ಬಿಡುತ್ತಾರೆ. ಬಿಡುವುದು ಮನೆಮಂದಿ ಹಿಡಿದು ತಿನ್ನಲಿ ಅಂತ. ಬಾಸ್‌ಗೆ ಮಾತ್ರ ಅದು ಹಬ್ಬದೂಟ. ಟ್ರೌಟ್ ಮೈಯಲ್ಲಿ ಕೊಬ್ಬು ಜಾಸ್ತಿ, ಬೆನ್ನಿನಲ್ಲಿ ಮುಳ್ಳಿಲ್ಲ, ಶತ್ರು ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ. ಬೇರೆ ಊಟ ಕಮ್ಮಿ ಇರುವ ಚಳಿಗಾಲದಲ್ಲೇ ಇದು ಸಿಗುತ್ತದೆ. ಇಲ್ಲಿಯ ಚಳಿಯೂ ಹಗುರ, ಬಾಸ್ ವರ್ಷಪೂರ್ತಿ ತಿನ್ನುತ್ತಾ ಬೆಳೆಯುತ್ತದೆ.

ಫಲ ದಾಖಲೆಯಲ್ಲಿದೆ. 1973ರಲ್ಲಿ ಮಿರಮಾರ್ ಕೆರೆಯಲ್ಲಿ 20 ಪೌಂಡ್ 15 ಔನ್ಸ್. 1980ರಲ್ಲಿ ಕಸೀಟಾಸ್‌ನಲ್ಲಿ ರೇ ಈಸ್ಲಿ ಹಿಡಿದದ್ದು 21 ಪೌಂಡ್ 3 ಔನ್ಸ್. 1991ರಲ್ಲಿ ಕಸ್ಟೇಕ್‌ನಲ್ಲಿ ಬಾಬ್ ಕ್ರುಪಿ ಹಿಡಿದದ್ದು 22 ಪೌಂಡ್. ಅಂದರೆ ಹತ್ತಿರ ಹತ್ತಿರ 10 ಕಿಲೋ. ಕಸೀಟಾಸ್, ಕಸ್ಟೇಕ್ ದೊಡ್ಡ ಜಲಾಶಯಗಳು. ಅಲ್ಲಿ ಮೀನನ್ನು ಹುಡುಕುವುದರಲ್ಲೇ ಅರ್ಧ ಆಯುಸ್ಸು ಹೋಗುತ್ತದೆ. ಪುಟ್ಟ ಕೆರೆಯಲ್ಲಿ ಮೀನು ನಿಮ್ಮಿಂದ ದೂರ ಇರಲು ಸಾಧ್ಯವೇ ಇಲ್ಲ. ಆದರೆ ಅದು ನಿಮ್ಮಂಥವರನ್ನು ದಿನವೂ ನೋಡಿರುತ್ತದೆ. ಈ ಎರಡನೆಯ ಮಾತನ್ನು ನೆನಪಿಡಿ, ಮುಂದಿನ ಆಯ್ಕೆಗಳೆಲ್ಲ ಅದರ ಮೇಲೇ ನಿಂತಿವೆ.

ದಡವೋ, ದೋಣಿಯೋ?

ಮೊದಲು ಇದನ್ನು ಮುಗಿಸಿಬಿಡೋಣ. ಡಿಕ್ಸನ್, ಪೋವೇಯಂಥ ಕೆರೆಗಳಲ್ಲಿ ಸ್ವಂತ ದೋಣಿ ಇಳಿಸಲು ಬಿಡುವುದಿಲ್ಲ, ಅಲ್ಲಿಯ ಬಾಡಿಗೆ ದೋಣಿಯೇ ಗತಿ. ದೋಣಿ ಇಲ್ಲದವರು ತಮಗೆ ಏನೋ ಕಮ್ಮಿ ಅಂದುಕೊಳ್ಳುತ್ತಾರೆ. ಟ್ರೌಟ್ ತಿನ್ನುವ ಬಾಸ್ ವಿಷಯದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ದೊಡ್ಡ ಬಾಸ್ ಆಳದಲ್ಲಿ ಸುಮ್ಮನಿದ್ದು, ಹಸಿವಾದಾಗ ಇಳಿಜಾರು ಹತ್ತಿ ದಡದ ಕಡೆಗೆ ಬರುತ್ತದೆ. ದಡದಲ್ಲಿ ನಿಂತವನು ಆಳಕ್ಕೆ ಎಸೆದು ಮೇಲಕ್ಕೆ ಎಳೆಯುತ್ತಾನೆ. ಅವನ ಎರೆ ಮೀನು ನಡೆಯುವ ದಾರಿಯಲ್ಲೇ ನಡೆದು ಬರುತ್ತದೆ. ದೋಣಿಯವನು ದಡಕ್ಕೆ ಎಸೆದು ಆಳಕ್ಕೆ ಎಳೆದರೆ ಎರೆ ಎರಡೇ ಮಾರು ಬರುವಷ್ಟರಲ್ಲಿ ನೆಲ ಬಿಟ್ಟು ನೀರಿನ ಮಧ್ಯೆ ತೇಲುತ್ತದೆ. ಅದಕ್ಕೇ ಇಲ್ಲಿಯ ಪಳಗಿದವರು ದೋಣಿಯನ್ನೂ ಕಮ್ಮಿ ನೀರಿನಲ್ಲಿ ಲಂಗರು ಹಾಕಿ ಆಳದ ಕಡೆಗೇ ಎಸೆಯುತ್ತಾರೆ.

ದೋಣಿ ಬೇಕಾಗುವುದು ಏರಿಯ ಕಲ್ಲು ಕಟ್ಟಡ, ತೇಲುಬುಂಡೆಗಳ ಸಾಲು, ಜೊಂಡಿನ ಹೊರ ಅಂಚು ಇಂಥ ಕಡೆ ಎಸೆಯಬೇಕಾದಾಗ. ಮೊದಲ ವರ್ಷ ದಡವೇ ಸಾಕು. ಒಂದು ಮೂಲೆಯನ್ನು ಚೆನ್ನಾಗಿ ಅರಿತುಕೊಳ್ಳಿ.

ಮೆತ್ತನೆಯ ದೊಡ್ಡ ಸ್ವಿಮ್‌ಬೈಟ್

ಇದು ನನ್ನ ಮೊದಲ ಪ್ರೀತಿ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಟ್ರೌಟ್‌ನಂತೆಯೇ ಎರಕ ಹೊಯ್ದ ಮೀನು ಇದು. ಇಲ್ಲಿ ಎಲ್ಲರ ಬಾಯಲ್ಲೂ ಇರುವುದು ಹಡಲ್‌ಸ್ಟನ್ ಅನ್ನುವ ಬ್ರಾಂಡ್, ಪ್ರೀತಿಯಿಂದ ಹಡ್. 8 ಇಂಚಿನ ಹಡ್ ಅಂದರೆ ಗೇಣುದ್ದ, ತೂಕ ಒಂದೂವರೆ ನೂರು ಗ್ರಾಂ ಆಸುಪಾಸು. ಅದರಲ್ಲೂ 5, 12, 16 ಅಂತ ನಂಬರ್‌ಗಳಿವೆ. ನಂಬರ್ ಜಾಸ್ತಿ ಆದಷ್ಟೂ ಬೇಗ ಮುಳುಗುತ್ತದೆ. ದಡದಿಂದ ಹಾಕುವವರಿಗೆ 12 ಒಳ್ಳೆಯ ಆರಂಭ. ಗಿಡಗಂಟಿ ಜಾಸ್ತಿ ಇರುವ ಕಮ್ಮಿ ನೀರಾದರೆ 5.

ಇದರ ಗುಟ್ಟೆಲ್ಲ ಬಾಲದಲ್ಲಿದೆ. ಕೈಯಲ್ಲಿ ಹಿಡಿದು ನೋಡಿ: ಬಾಲದ ಬುಡ ತೆಳ್ಳಗೆ, ತುದಿ ಬೆಣೆಯಂತೆ ದಪ್ಪ. ನೀರಿನಲ್ಲಿ ಆಮೆಯ ವೇಗದಲ್ಲಿ ಎಳೆದರೂ ಬಾಲ ಮಾತ್ರ ಅತ್ತಿತ್ತ ತೊನೆಯುತ್ತದೆ, ಮೈ ಅಲುಗುವುದಿಲ್ಲ. ಸುಸ್ತಾದ ಟ್ರೌಟ್ ನೆಲದ ಹತ್ತಿರ ಈಜುವುದು ಹಾಗೇ. ಆದ್ದರಿಂದ ನಿಧಾನವಾಗಿ ಎಳೆಯಬೇಕು. ನಿಧಾನ ಅಂದರೆ ನಿಮಗೆ ಬೇಜಾರಾಗುವಷ್ಟು ನಿಧಾನ. ಎಸೆದು, ನೆಲ ಮುಟ್ಟುವ ತನಕ ಕಾದು, ರೀಲಿನ ಹಿಡಿಯನ್ನು ಎರಡು ಮೂರು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸುತ್ತೇನೆ. ಎರೆ ಆಗಾಗ ನೆಲಕ್ಕೆ ತಾಗುತ್ತಿರಬೇಕು. ಒಂದು ಎಸೆತ ಮುಗಿಯಲು ಮೂರು ನಾಲ್ಕು ನಿಮಿಷ ಹಿಡಿದರೂ ಸರಿಯೇ.

ಕಚ್ಚುವುದು ಹೇಗಿರುತ್ತದೆ? ಹೊಸಬರು ದೊಡ್ಡ ಜಗ್ಗಾಟ ಬರುತ್ತದೆ ಅಂತ ಕಾಯುತ್ತಾರೆ. ನನಗೆ ಸಿಕ್ಕ ಒಳ್ಳೆಯ ಮೀನುಗಳಲ್ಲಿ ಜಾಸ್ತಿ ಬಂದದ್ದು ಒಂದು ಸಣ್ಣ ಟಕ್ ಅನ್ನುವ ತಟ್ಟು. ಬೆರಳಿನ ಉಗುರಿನಿಂದ ಕೋಲು ತಟ್ಟಿದ ಹಾಗೆ. ಕೆಲವೊಮ್ಮೆ ಅದೂ ಇಲ್ಲ, ದಾರ ಸುಮ್ನೆ ಸಡಿಲವಾಗುತ್ತದೆ. ಮೀನು ಹಿಂದಿನಿಂದ ಬಂದು ನುಂಗಿ ನಿಮ್ಮ ಕಡೆಗೇ ಈಜುತ್ತಿದೆ ಅಂತ ಅರ್ಥ. ಆಗ ಯೋಚನೆ ಮಾಡುತ್ತಾ ನಿಲ್ಲಬಾರದು. ದಾರ ಬಿಗಿಯಾಗುವ ತನಕ ಸುತ್ತಿ, ಕೋಲನ್ನು ಪಕ್ಕಕ್ಕೆ ಬಲವಾಗಿ ಎಳೆಯಿರಿ.

ಈ ದಾರಿಯ ಕಷ್ಟವನ್ನೂ ಹೇಳಬೇಕು. ಮೀನು ಸಿಗದ ದಿನಗಳು ತುಂಬಾ. ನನ್ನ ಮೊದಲ ಚಳಿಗಾಲದಲ್ಲಿ ಹತ್ತೊಂಬತ್ತು ಬೆಳಗು ಹೋಗಿ ಕಚ್ಚಿಸಿಕೊಂಡದ್ದು ಎರಡೇ ಸಲ. ಒಂದು ಮೇಲೆ ಬಂತು, 9 ಪೌಂಡ್. ಇನ್ನೊಂದನ್ನು ದಡದ ಹತ್ತಿರ ಕಳೆದುಕೊಂಡೆ. ದಾರ ಕಲ್ಲಿಗೆ ಉಜ್ಜಿ ಸವೆದಿತ್ತು, ನಾನು ಬೆರಳಾಡಿಸಿ ನೋಡಿರಲಿಲ್ಲ. ಈಗ ಐದಾರು ಎಸೆತಕ್ಕೊಮ್ಮೆ ಕೊನೆಯ ಮೊಳದ ದಾರವನ್ನು ತುಟಿಗೆ ತಾಗಿಸಿ ನೋಡುತ್ತೇನೆ. ತರಿ ಇದ್ದರೆ ಕತ್ತರಿಸಿ ಮತ್ತೆ ಕಟ್ಟುತ್ತೇನೆ.

ಸಾಮಾನೂ ಬೇರೆಯೇ ಬೇಕು. ಒಂದೂವರೆ ನೂರು ಗ್ರಾಂ ಎಸೆಯಲು ಎಂಟು ಅಡಿಯ ಗಟ್ಟಿ ಕೋಲು, 300 ಅಥವಾ 400 ಸೈಜಿನ ರೀಲು, 25 ಪೌಂಡ್ ಭಾರ ತಡೆಯುವ ಮಾನೋ (ಒಂದೇ ಎಳೆಯ ನೈಲಾನ್) ದಾರ. ಮಾಮೂಲಿ ಬಾಸ್ ಕೋಲಿನಲ್ಲಿ ಎಸೆದರೆ ಕೋಲು ಮುರಿಯುತ್ತದೆ. ಎರೆಯ ಬೆಲೆ ಊಟದ ಬಿಲ್ಲಿನಷ್ಟೇ. ದುಡ್ಡು ಹೋಗುವುದು ಕೋಲು ಮತ್ತು ರೀಲಿಗೆ.

ಯಾರಿಗೆ ಇದು? ವಾರಕ್ಕೆ ಒಂದೆರಡು ಬೆಳಗಾದರೂ ಇರುವವರಿಗೆ, ಡಿಸೆಂಬರ್‌ನಿಂದ ಮಾರ್ಚ್ ತನಕ ಬಿಡದೆ ಹೋಗುವವರಿಗೆ. ಹತ್ತು ಪೌಂಡ್ ದಾಟಿದ ಒಂದೇ ಒಂದು ಮೀನು ಸಾಕು, ಉಳಿದದ್ದು ಬೇಡ ಅನ್ನುವವರಿಗೆ. 13 ದಾಟಿದ ಮೀನನ್ನು ಇಲ್ಲಿ ಟೀನರ್ ಅನ್ನುತ್ತಾರೆ. ಟೀನರ್ ಕನಸಿದ್ದರೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಗ್ಲೈಡ್ ಬೈಟ್: ಮೀನು ಎಲ್ಲಿದೆ ಅಂತ ತೋರಿಸುವುದು

ಎರಡು ತುಂಡಿನ ಗಟ್ಟಿ ಮೀನು ಇದು, ಮಧ್ಯೆ ಒಂದೇ ಕೀಲು. ಎಳೆದರೆ ಹಾವಿನಂತೆ ಅಗಲವಾಗಿ ಎಡಕ್ಕೂ ಬಲಕ್ಕೂ ಜಾರುತ್ತದೆ. ಎಸ್-ವೇವರ್ 168 ಅನ್ನುವುದು ಕೈಗೆಟುಕುವ ಬೆಲೆಯದ್ದು, ಹೊಸಬರಿಗೆ ಸಾಕು. ಜಪಾನಿನ ಡೆಪ್ಸ್ ಕಂಪನಿಯ ಸ್ಲೈಡ್ ಸ್ವಿಮ್ಮರ್ 250ಕ್ಕೆ ನೂರು ಡಾಲರಿಗೂ ಮೇಲೆ. ಮೊದಲೇ ಅದನ್ನು ಕೊಳ್ಳಬೇಡಿ.

ಹಡ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಷ್ಟು: ಹಡ್ ನಂಬಿಸುತ್ತದೆ, ಗ್ಲೈಡ್ ಕೆಣಕುತ್ತದೆ. ಒಂದು ಗಂಟೆಯಲ್ಲಿ ಇದರಿಂದ ಹುಡುಕುವ ಜಾಗವನ್ನು ಹಡ್‌ನಿಂದ ಹುಡುಕಲು ಇಡೀ ದಿನ ಬೇಕು. ದೂರದಿಂದಲೇ ಮೀನನ್ನು ಸೆಳೆಯುತ್ತದೆ. ಆದರೆ ಸೆಳೆದ ಮೀನೆಲ್ಲ ಕಚ್ಚುವುದಿಲ್ಲ. ಹಿಂದೆ ಹಿಂದೆ ಬಂದು ನೋಡಿ ಹೋಗುತ್ತವೆ.

ಹಾಗೆ ಬಂದ ಒಂದನ್ನು ನಾನು ಮರೆಯಲಾರೆ. ಮೋಡ ಕವಿದ ಜನವರಿ ಮಧ್ಯಾಹ್ನ. ಎರೆ ದಡಕ್ಕೆ ಎರಡು ಮಾರು ಇರುವಾಗ ಅದರ ಹಿಂದೆ ಒಂದು ಕಪ್ಪು ದಿಮ್ಮಿ ಕಂಡಿತು. ನಾನು ಎಳೆಯುವುದು ನಿಲ್ಲಿಸಿದೆ. ಎರೆ ನಿಂತಿತು, ಮೀನೂ ನಿಂತಿತು. ಮೂತಿಗೂ ಎರೆಗೂ ನಡುವೆ ನಾಲ್ಕು ಬೆರಳು. ಕಿವಿರು ಎರಡು ಸಲ ಅಗಲವಾಗಿ ತೆರೆದು ಮುಚ್ಚಿತು. ಕಣ್ಣು ಎರೆಯನ್ನು ಬಿಟ್ಟು ಮೇಲಕ್ಕೆ, ನನ್ನ ಕಡೆಗೆ ತಿರುಗಿದ ಹಾಗೆ ಅನ್ನಿಸಿತು. ಆಮೇಲೆ ಬಾಲ ಕೂಡ ಜೋರಾಗಿ ಬೀಸದೆ ಹಿಂದಕ್ಕೆ ಸರಿದು ಆಳಕ್ಕೆ ಇಳಿಯಿತು.

ಅವತ್ತು ಮೀನು ಸಿಗಲಿಲ್ಲ, ಆದರೆ ಅದರ ಮನೆ ಗೊತ್ತಾಯಿತು. ಇದೇ ಗ್ಲೈಡ್‌ನ ನಿಜವಾದ ಉಪಯೋಗ. ಹೊಸ ಕೆರೆಗೆ ಹೋದಾಗ ಮೊದಲ ಎರಡು ಮೂರು ದಿನ ಇದನ್ನೇ ಎಸೆದು ಕೆರೆ ಸುತ್ತುತ್ತೇನೆ. ದೊಡ್ಡದು ಕಂಡ ಜಾಗಗಳನ್ನು ಬರೆದಿಟ್ಟುಕೊಂಡು, ಇನ್ನೊಂದು ದಿನ ಅರೆಬೆಳಕಿನಲ್ಲಿ ಹಡ್ ಹಿಡಿದು ಅಲ್ಲಿಗೇ ಹೋಗುತ್ತೇನೆ. ಎರಡರಲ್ಲಿ ಒಂದನ್ನೇ ಕೊಳ್ಳಬೇಕು ಅನ್ನುವವರಿಗೆ ನನ್ನ ಉತ್ತರ: ಕೆರೆ ಗೊತ್ತಿದ್ದರೆ ಹಡ್, ಗೊತ್ತಿಲ್ಲದಿದ್ದರೆ ಗ್ಲೈಡ್.

ನೀರಿನ ಮೇಲೆಯೇ ಅಲೆ ಎಬ್ಬಿಸುತ್ತಾ ಬರುವ ವೇಕ್ ಬೈಟ್ ಇನ್ನೊಂದು ಬಗೆ. ಎಂಎಸ್ ಸ್ಲ್ಯಾಮರ್ ಇದರಲ್ಲಿ ಹಳೆಯ ಹೆಸರು, ಮರದ್ದು. ಸೂರ್ಯ ಹುಟ್ಟುವ ಮೊದಲಿನ ಅರ್ಧ ಗಂಟೆ ಮತ್ತು ಮುಳುಗಿದ ಮೇಲಿನ ಅರ್ಧ ಗಂಟೆ ಇದರದು. ಕಚ್ಚಿದಾಗ ಆಗುವ ಸದ್ದು ಎದೆ ಝಲ್ಲೆನಿಸುತ್ತದೆ. ಕೆರೆಯ ಗೇಟು ತೆರೆಯುವ ಮುಚ್ಚುವ ವೇಳೆ ನೋಡಿಕೊಂಡು ಕೊಳ್ಳಿ. ಗೇಟು ತಡವಾಗಿ ತೆರೆಯುವ ಕೆರೆಯಲ್ಲಿ ಇದಕ್ಕೆ ಕೆಲಸವೇ ಇರುವುದಿಲ್ಲ.

ಜಿಗ್, ಹುಳ, ಕ್ರಾಡ್ಯಾಡ್

ದೊಡ್ಡ ಮೀನಿಗೆ ದೊಡ್ಡ ಎರೆಯೇ ಬೇಕು ಅನ್ನುವವರಿಗೆ ನಾನು ಈಸ್ಲಿ ಮತ್ತು ಕ್ರುಪಿಯನ್ನು ನೆನಪಿಸುತ್ತೇನೆ. ಮೇಲೆ ಹೇಳಿದ 21 ಪೌಂಡ್ 3 ಔನ್ಸ್ ಮತ್ತು 22 ಪೌಂಡಿನ ಮೀನುಗಳು ಬಿದ್ದದ್ದು ಜೀವಂತ ಕ್ರಾಡ್ಯಾಡ್‌ಗೆ. ಸಿಗಡಿಗೆ ಏಡಿಯ ಕೊಂಡಿ ಅಂಟಿಸಿದಂತಿರುವ ಸಿಹಿನೀರಿನ ಪ್ರಾಣಿ ಅದು. ಹೆಬ್ಬೆರಳುದ್ದ ಇದ್ದರೂ ಸಾಕು. ಟ್ರೌಟ್ ತಿನ್ನುವ ಬಾಸ್ ಟ್ರೌಟ್ ಒಂದನ್ನೇ ತಿನ್ನುವುದಿಲ್ಲ. ಲಾರಿ ಎರಡು ವಾರಕ್ಕೊಮ್ಮೆ ಬಂದರೆ ನಡುವಿನ ದಿನಗಳಲ್ಲಿ ಕಲ್ಲಿನ ಸಂದಿಯ ಕ್ರಾಡ್ಯಾಡ್ ಹೆಕ್ಕುತ್ತದೆ.

ಜೀವಂತ ಎರೆಯ ನಿಯಮ ಪ್ರತಿ ಕೆರೆಗೂ ಬೇರೆ. ಯಾವುದನ್ನು ಬಳಸಬಹುದು, ಎಲ್ಲಿಂದ ತರಬಹುದು ಅಂತ ಗೇಟಿನಲ್ಲೇ ಕೇಳಿ ತಿಳಿದುಕೊಳ್ಳಿ. ನಿಯಮ ಬಿಡದಿದ್ದರೆ ಅದೇ ಕೆಲಸಕ್ಕೆ ಜಿಗ್ ಇದೆ: ಸೀಸದ ತಲೆ, ರಬ್ಬರ್ ಕುಚ್ಚು, ಹಿಂದೆ ಕೊಂಡಿಯಂಥ ಬಾಲ. ಏರಿಯ ಕಲ್ಲಿನ ಮೇಲೆ ಅದನ್ನು ಇಳಿಸಿ, ಒಂದೊಂದೇ ಕಲ್ಲು ದಾಟಿಸುತ್ತಾ ಎಳೆಯಬೇಕು. 15 ಪೌಂಡಿನ ಫ್ಲೋರೋಕಾರ್ಬನ್ ದಾರ, ನಿಮ್ಮ ಹತ್ತಿರ ಈಗಾಗಲೇ ಇರುವ ಮಾಮೂಲಿ ಕೋಲು, ಅಷ್ಟೇ. ಉದ್ದನೆಯ ಪ್ಲಾಸ್ಟಿಕ್ ಹುಳವೂ ಹೀಗೇ.

ನಮ್ಮೂರ ಕೆರೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದವರಿಗೆ ಇದು ಕೈಗೆ ಬೇಗ ಹತ್ತುತ್ತದೆ. ಬೆರಳಿಗೆ ಬರುವ ತುಡಿತವನ್ನು ಓದುವುದು ಎರಡರಲ್ಲೂ ಒಂದೇ. ನನಗೆ ಜಿಗ್ ಕಲಿಯಲು ಒಂದು ತಿಂಗಳು ಸಾಕಾಯಿತು, ಹಡ್ ನಂಬಲು ಎರಡು ವರ್ಷ ಬೇಕಾಯಿತು.

ಇದರ ಲಾಭ ಏನೆಂದರೆ ಮೀನು ಸಿಗುತ್ತಿರುತ್ತದೆ. ಒಂದು, ಎರಡು, ಮೂರು ಪೌಂಡಿನವು ಬರುತ್ತಾ ಇರುತ್ತವೆ, ಅವುಗಳ ನಡುವೆ ದೊಡ್ಡದೊಂದು ಯಾವಾಗ ಬೇಕಾದರೂ ಬರಬಹುದು. ನಷ್ಟವೂ ಅದೇ. ಸಣ್ಣವೇ ಮೊದಲು ಓಡಿ ಬಂದು ಕಚ್ಚುತ್ತವೆ, ದೊಡ್ಡದು ಅಲ್ಲೇ ಇದ್ದರೂ ಗದ್ದಲ ನೋಡಿ ಸರಿದುಬಿಡುತ್ತದೆ. ವರ್ಷಕ್ಕೆ ಆರೇಳು ದಿನ ಮಾತ್ರ ಬಿಡುವಿದ್ದವರು, ಜೊತೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು, ಕೆರೆಯ ನೀರು ಬೆಚ್ಚಗಾಗಿ ಲಾರಿ ನಿಂತ ಮೇಲೆ ಹೋಗುವವರು ಇದನ್ನೇ ಹಿಡಿಯಲಿ. ಆರು ದಿನಕ್ಕೋಸ್ಕರ ಎಂಟಡಿ ಕೋಲು ಕೊಂಡು ಬರಿಗೈಯಲ್ಲಿ ಬರುವುದು ಬೇಡ.

ಗೂಡಿನ ಮೇಲಿನ ಮೀನು

ಇದು ಅತಿ ಖಚಿತವಾದ ದಾರಿ. ನನಗೆ ಅತಿ ಇಕ್ಕಟ್ಟಿನ ದಾರಿಯೂ ಹೌದು.

ನೀರು 15, 16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಾಸ್ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಇಲ್ಲಿ ಅದು ಫೆಬ್ರವರಿ ಕೊನೆಯಿಂದ ಮೇ ತನಕ ನಡೆಯುತ್ತದೆ. ಗಂಡು ಬಾಲದಿಂದ ಕೆಸರು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ಕಾವಲು ಕೂರುತ್ತದೆ. ನಮ್ಮ ಕಡೆ ಕೊರವ ಮೀನು ಮರಿಗಳ ಕೆಂಪು ಗುಂಪನ್ನು ಕಾಯುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? ನೀವು ಹುಡುಕುವ ದೊಡ್ಡ ಮೀನು ಯಾವಾಗಲೂ ಹೆಣ್ಣು. ತಿಳಿನೀರಿನಲ್ಲಿ ಪೋಲರಾಯ್ಡ್ ಕನ್ನಡಕ ಹಾಕಿದರೆ ಅದು ಕಣ್ಣಿಗೇ ಕಾಣುತ್ತದೆ. ಗೂಡಿಗೆ ಬಿಳಿ ಜಿಗ್ ಇಳಿಸಿದರೆ ಹಸಿವಿಗೆ ಕಚ್ಚುವುದಿಲ್ಲ, ಓಡಿಸಲು ಬಾಯಿ ಹಾಕುತ್ತದೆ.

ಡಿಕ್ಸನ್‌ನ ದೊಡ್ಡ ಮೀನಿನ ಕಥೆ ಇಲ್ಲಿಗೇ ಸೇರಿದ್ದು. ಅದರ ದವಡೆಯ ಕೆಳಗೆ ಒಂದು ಕಪ್ಪು ಚುಕ್ಕೆ ಇತ್ತು, ಅದಕ್ಕೇ ಜನ ಅದನ್ನು ಡಾಟಿ ಅಂದರು. 2001ರಲ್ಲಿ ಸಿಕ್ಕಾಗ 20 ಪೌಂಡ್ 12 ಔನ್ಸ್. 2003ರಲ್ಲಿ ಜೆಡ್ ಡಿಕರ್ಸನ್ ಹಿಡಿದಾಗ 21 ಪೌಂಡ್ 11 ಔನ್ಸ್. ಎರಡು ಸಲವೂ ಬಿಟ್ಟರು. 2006ರ ಮಾರ್ಚ್ 20ರಂದು ಡಿಕರ್ಸನ್‌ನ ಗೆಳೆಯ ಮ್ಯಾಕ್ ವೀಕ್ಲಿ ಬಾಡಿಗೆ ದೋಣಿಯಿಂದ ಅದೇ ಮೀನನ್ನು ಬಿಳಿ ಜಿಗ್‌ನಲ್ಲಿ ಎತ್ತಿದ. ಕೈತಕ್ಕಡಿ 25 ಪೌಂಡ್ ದಾಟಿತು. ಜಾರ್ಜಿಯಾದಲ್ಲಿ ಜಾರ್ಜ್ ಪೆರಿ 1932ರಲ್ಲಿ ಮಾಡಿದ 22 ಪೌಂಡ್ 4 ಔನ್ಸಿನ ದಾಖಲೆಗಿಂತ ಬಹಳ ಮೇಲೆ. ಆದರೆ ಕೊಕ್ಕೆ ಬಾಯಿಗೆ ಸಿಕ್ಕಿರಲಿಲ್ಲ, ಮೈಗೆ ಸಿಕ್ಕಿತ್ತು. ವೀಕ್ಲಿ ಫೋಟೋ ತೆಗೆಸಿಕೊಂಡು ಮೀನನ್ನು ನೀರಿಗೆ ಬಿಟ್ಟ, ದಾಖಲೆಗೆ ಅರ್ಜಿಯನ್ನೂ ಹಾಕಲಿಲ್ಲ. ಪೆರಿಯ ತೂಕಕ್ಕೆ ಸಮ ಬಂದದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು.

ಡಾಟಿ 2008ರ ಮೇ ತಿಂಗಳಲ್ಲಿ ಸತ್ತು ತೇಲಿತು. ಆಗ ತೂಕ 19 ಪೌಂಡ್. ಮೊದಲ ಸಲ ಹಿಡಿದು ಬಿಟ್ಟ ಮೇಲೆ ಅದು ಏಳು ವರ್ಷ ಬದುಕಿತ್ತು. ನಾನು ಈ ಲೆಕ್ಕವನ್ನು ಪ್ರತಿ ಹೊಸಬರಿಗೂ ಹೇಳುತ್ತೇನೆ. ಮೊದಲ ದಿನವೇ ಅದನ್ನು ಮನೆಗೆ ಒಯ್ದಿದ್ದರೆ ಉಳಿದ ಎರಡು ದಿನಗಳು ಯಾರಿಗೂ ಸಿಗುತ್ತಿರಲಿಲ್ಲ.

ಗೂಡಿನ ಮೇಲೆ ಹಿಡಿಯುವುದು ತಪ್ಪೋ ಸರಿಯೋ ಅಂತ ಇಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಕಾನೂನು ಬಿಡುತ್ತದೆ. ನನ್ನ ಪದ್ಧತಿ ಹೀಗೆ: ಗೂಡು ಕಾಯುತ್ತಿರುವ ಗಂಡನ್ನು ಮುಟ್ಟುವುದಿಲ್ಲ. ಅದನ್ನು ಎತ್ತಿದ ಎರಡೇ ನಿಮಿಷಕ್ಕೆ ಬ್ಲೂಗಿಲ್ ಮೀನುಗಳು ಬಂದು ಮೊಟ್ಟೆ ತಿನ್ನುವುದನ್ನು ನೋಡಿದ್ದೇನೆ. ಹೆಣ್ಣು ಗೂಡಿನ ಸುತ್ತ ಇನ್ನೂ ಅಡ್ಡಾಡುತ್ತಿದ್ದರೆ ದೂರ ನಿಂತು ನೋಡುತ್ತೇನೆ, ಅಷ್ಟೇ. ನೀವು ಹಿಡಿಯುವುದೇ ಆದರೆ ಗಟ್ಟಿ ದಾರ ಬಳಸಿ, ಬೇಗ ಎಳೆದು, ನೀರಿನಲ್ಲೇ ಕೊಕ್ಕೆ ಬಿಡಿಸಿ, ಅದೇ ಜಾಗದಲ್ಲಿ ಬಿಡಿ. ಗಂಟೆಗಟ್ಟಲೆ ಒಂದೇ ಮೀನಿನ ತಲೆಯ ಮೇಲೆ ದೋಣಿ ನಿಲ್ಲಿಸಬೇಡಿ.

ಲಾರಿ ಬಂದ ದಿನವೋ, ಆಮೇಲೋ?

ಎಲ್ಲರೂ ಲಾರಿ ಬಂದ ದಿನವೇ ಓಡುತ್ತಾರೆ. ಅವತ್ತು ಬಾಸ್ ಖಂಡಿತ ತಿನ್ನುತ್ತದೆ. ಆದರೆ ಸಾವಿರ ನಿಜವಾದ ಟ್ರೌಟ್ ನಡುವೆ ನಿಮ್ಮ ರಬ್ಬರ್ ಮೀನು ಸಾವಿರದ ಒಂದನೆಯದು. ದಡದಲ್ಲಿ ಟ್ರೌಟ್ ಹಿಡಿಯುವವರು ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಾರೆ, ನಿಮ್ಮ ದಾರ ಅವರ ದಾರಕ್ಕೆ ಸಿಕ್ಕಿಕೊಳ್ಳುತ್ತದೆ.

ನಾನು ಮೂರನೆಯ ಅಥವಾ ನಾಲ್ಕನೆಯ ದಿನ ಹೋಗುತ್ತೇನೆ, ಅದೂ ವಾರದ ನಡುವೆ. ಅಷ್ಟರಲ್ಲಿ ಗುಂಪು ಒಡೆದಿರುತ್ತದೆ. ಅಲ್ಲೊಂದು ಇಲ್ಲೊಂದು ಟ್ರೌಟ್ ದಡ ಹಿಡಿದು ಸುತ್ತುತ್ತಿರುತ್ತದೆ. ಬಾಸ್‌ಗೆ ರುಚಿ ಹತ್ತಿದೆ, ಸುಲಭದ ಊಟ ಮುಗಿದಿದೆ. ಒಂಟಿಯಾಗಿ ನಿಧಾನ ಬರುವ ಮೀನು ಅದರ ಕಣ್ಣಿಗೆ ಬೀಳುವುದು ಆಗ. ಡಾಕಿನ ಮೂಲೆ, ತೇಲುಬುಂಡೆ ಸಾಲು ದಡಕ್ಕೆ ಕಟ್ಟಿರುವ ಜಾಗ, ನೀರಿಗೆ ಚಾಚಿಕೊಂಡ ನೆಲದ ಮೂತಿ: ಸುತ್ತುವ ಟ್ರೌಟ್ ಇಂಥ ಕಡೆ ತಿರುವು ತೆಗೆದುಕೊಳ್ಳಲೇಬೇಕು. ಬಾಸ್ ಕಾಯುವುದೂ ಅಲ್ಲೇ. ಮೋಡ, ತುಂತುರು, ನೀರಿನ ಮೇಲೆ ಸಣ್ಣ ಅಲೆ ಎಬ್ಬಿಸುವ ಗಾಳಿ ಇದ್ದರೆ ರಜೆ ಹಾಕಿ ಹೋಗಿ. ಬಿಸಿಲು ಕಾಯುವ, ಗಾಳಿ ಇಲ್ಲದ ದಿನ ಹಡ್ ಮನೆಯಲ್ಲೇ ಇರಲಿ, ಜಿಗ್ ಒಯ್ಯಿರಿ.

ಎರೆಯ ಜೊತೆಗೆ ಕೊಳ್ಳಲೇಬೇಕಾದ್ದು

ಅಂಗಡಿಯಲ್ಲಿ ಇನ್ನೊಂದು ಎರೆ ಕೈಗೆತ್ತಿಕೊಳ್ಳುವ ಮೊದಲು ಒಂದು ದೊಡ್ಡ ಬಲೆ ಕೊಳ್ಳಿ, ರಬ್ಬರ್ ಲೇಪ ಇರುವುದು. ಒರಟು ನೂಲಿನ ಬಲೆ ಮೀನಿನ ಮೈಮೇಲಿನ ಲೋಳೆ ಕೆರೆದುಬಿಡುತ್ತದೆ. ಉದ್ದ ಮೂತಿಯ ಇಕ್ಕಳ, ಕೊಕ್ಕೆ ಕತ್ತರಿಸುವ ಕಟ್ಟರ್ ಎರಡೂ ಇರಲಿ. ಮೂರು ಮುಳ್ಳಿನ ಕೊಕ್ಕೆ ಆಳಕ್ಕೆ ಸಿಕ್ಕರೆ ಎಳೆದಾಡದೆ ಕತ್ತರಿಸಿ ತೆಗೆಯಬಹುದು.

ಹತ್ತು ಪೌಂಡಿನ ಮೀನನ್ನು ಕೆಳದವಡೆಯಲ್ಲಿ ಹಿಡಿದು ನೇತಾಡಿಸಬಾರದು. ಅದರ ಭಾರವೆಲ್ಲ ದವಡೆಯ ಕೀಲಿಗೆ ಬೀಳುತ್ತದೆ. ಕೈ ಒದ್ದೆ ಮಾಡಿಕೊಂಡು, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ತೂಕಕ್ಕೆ ಬಲೆಯ ಸಮೇತ ತಕ್ಕಡಿಗೆ ಹಾಕಿ, ಆಮೇಲೆ ಬಲೆಯ ತೂಕ ಕಳೆಯಿರಿ. ಫೋನ್ ಕ್ಯಾಮೆರಾ ಸಿದ್ಧ ಆಗುವ ತನಕ ಮೀನು ಬಲೆಯಲ್ಲಿ, ನೀರಿನೊಳಗೇ ಇರಲಿ.

ಬಿಡುವಾಗ ಬಾಲದ ಬುಡ ಹಿಡಿದು ನೀರಿನಲ್ಲಿ ನೇರವಾಗಿ ನಿಲ್ಲಿಸುತ್ತೇನೆ. ಕಿವಿರು ನಿಧಾನವಾಗಿ ಆಡತೊಡಗುತ್ತದೆ. ಬಾಲದಲ್ಲಿ ಬಲ ಬರುವುದು ಅಂಗೈಗೇ ಗೊತ್ತಾಗುತ್ತದೆ. ಆಗ ಒಂದೇ ಒದೆತ, ಮುಖದ ತುಂಬಾ ನೀರು, ಮೀನು ಡಾಕಿನ ನೆರಳಿಗೆ ವಾಪಸ್.